ಮೂರನೇ ನಂಬರಿನವನ ಜೊತೆ ಹರಾಜು

ಎದುರಾಳಿಯ ಮುಖ ಕಾಣದೆ ಪೈಪೋಟಿ ಮಾಡುವುದು ನನ್ನಂಥವನಿಗೆ ಒಗ್ಗುವುದಿಲ್ಲ. ನಂಜನಗೂಡಿನಲ್ಲಿ ನಾನೊಬ್ಬ ಸಣ್ಣ ಗುತ್ತಿಗೆದಾರ. ಚರಂಡಿ, ಕಾಂಪೌಂಡು, ಶೌಚಾಲಯ, ಇಷ್ಟೇ ನನ್ನ ಕೀರ್ತಿಯ ಕಟ್ಟಡಗಳು. ಹಿಂದೆ ಟೆಂಡರ್ ಎಂದರೆ ಎಲ್ಲರೂ ಒಂದೇ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂರುತ್ತಿದ್ದೆವು. ಯಾರ ಲಕೋಟೆಯಲ್ಲಿ ಏನಿದೆಯೆಂದು ಅವರವರ ಮುಖವೇ ಹೇಳುತ್ತಿತ್ತು. ಈಗ ಎಲ್ಲವೂ ಆನ್‌ಲೈನ್. ಕಂಪ್ಯೂಟರಿನಲ್ಲಿ ನಾನೊಂದು ನಂಬರು, ಎದುರಾಳಿ ಇನ್ನೊಂದು ನಂಬರು. ಸಾಲದ್ದಕ್ಕೆ ಹರಾಜೂ ತಲೆಕೆಳಗು: ಕಡಿಮೆ ಕೂಗಿದವನೇ ಗೆದ್ದ. ಹಾಗೆ ಗೆಲ್ಲುವುದು ಗೆಲುವೋ ಸೋಲೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಕವಲಂದೆಯ ಹತ್ತಿರ ಒಂದು ಗೋದಾಮಿಗೆ ಕಾಂಪೌಂಡ್ ಕಟ್ಟುವ ಕೆಲಸ ಹೀಗೆ ಬಂತು. ಮಳೆಗಾಲವಿಡೀ ಕೈ ಖಾಲಿಯಿತ್ತು. ಇದೂ ತಪ್ಪಿದರೆ ನನ್ನ ಗಾರೆಯವರೆಲ್ಲ ಬೇರೆಯವರ ಪಾಲಾಗುವವರಿದ್ದರು. ಕೆಲಸ ಕೈಸೇರುವ ತನಕ ಬಾಯಿ ಬಿಡಬಾರದು, ಬಿಟ್ಟರೆ ದೃಷ್ಟಿಯಾಗುತ್ತದೆ ಎಂಬುದು ನಮ್ಮ ಕಸುಬಿನವರ ನೇಮ. ಟಿ. ನರಸೀಪುರದಲ್ಲಿ ಇದೇ ಕಸುಬು ಮಾಡುವ ನನ್ನ ಬಾಮೈದ ಮಾದೇವನಿಗೂ ಹೇಳಲಿಲ್ಲ. ಹೆಂಡತಿಗೆ ಹೇಳಿದರೆ ಅವಳ ತಮ್ಮನಿಗೆ ಹೇಳಿದಂತೆಯೇ ಎಂದು ಅವಳಿಗೂ ಹೇಳಲಿಲ್ಲ.

ಹರಾಜಿನ ದಿನ ಸೈಬರ್ ಸೆಂಟರಿನಲ್ಲಿ ಕೂತೆ. ಒಬ್ಬೊಬ್ಬರೇ ಉದುರಿ ಕೊನೆಗೆ ನಾನು ಮತ್ತು ಮೂರನೇ ನಂಬರಿನವನು ಉಳಿದೆವು. ನಾನು ಇಳಿಸಿದರೆ ಅವನೂ ಇಳಿಸುತ್ತಾನೆ. ಇನ್ನೇನು ಸಮಯ ಮುಗಿಯಿತು ಎನ್ನುವಾಗ ಇಳಿಸಿದರೆ ಗಡಿಯಾರ ಮತ್ತೆ ಹಿಂದಕ್ಕೆ! "ಏನ್ರೀ ಇದು?" ಎಂದರೆ ಸೆಂಟರಿನವರು, "ಟೈಮ್ ಎಕ್ಸ್‌ಟೆಂಡ್ ಆಯ್ತದೆ ಸಾ, ಅದು ರೂಲ್ಸು" ಎಂದರು. ನನಗೆ ರೂಲ್ಸು ತಿಳಿಯಲಿಲ್ಲ, ಹಟ ಮಾತ್ರ ಏರಿತು. ಸಿಮೆಂಟು, ಕಬ್ಬಿಣ, ಕೂಲಿ ಎಲ್ಲ ಮರೆತು ಇಳಿಸುತ್ತ ಹೋದೆ. ಕೊನೆಗೆ ಅವನು ಸುಮ್ಮನಾದ. ಗೆದ್ದೆ!

ಹೊರಗೆ ಬರುವಷ್ಟರಲ್ಲಿ ಮಾದೇವನ ಫೋನು.

"ಭಾವ, ದೃಷ್ಟಿ ಆಯ್ತದೆ ಅಂತ ನಿಮ್ಗೂ ಯೋಳಿರ್ಲಿಲ್ಲ. ಕವಲಂದೆ ಕಾಂಪೌಂಡ್ ಕೆಲ್ಸಕ್ಕೆ ಕೂಗಿದ್ದೆ ಕಣ್ರೀ. ಯಾವನೋ ಮೂರೂ ಬಿಟ್ಟೋನು ತಳ ಕಾಣಂಗೆ ಇಳ್ಸ್‌ಬುಟ್ಟ. ಅವ್ನ್ ಮನೆ ಆಳಾಗೋಗ!"

ಆ ಮನೆಯಲ್ಲಿ ಅವನ ಅಕ್ಕನೂ ಇದ್ದಾಳೆಂದು ಹೇಳಲು ನನಗೆ ಬಾಯಿ ಬರಲಿಲ್ಲ. "ಹೌದು ಮಾದೇವ, ಅಂಥವ್ರಿಗೆ ಬುದ್ಧಿ ಬರ್ಬೇಕು" ಎಂದೆ.

"ಬತ್ತದೆ ಬುಡಿ. ಆ ರೇಟ್ಗೆ ಕಟ್ಬೇಕು ಅಂದ್ರೆ ಕಾಂಕ್ರೀಟ್ ಮಿಕ್ಸರ್ರು ಪುಕ್ಕಟೆ ಸಿಗ್ಬೇಕು. ಅಂತಾ ಧರ್ಮಾತ್ಮ ಯಾವನವ್ನೆ?"

ದರ ಇಳಿಸುವಾಗ ನನಗೆ ನೆನಪಿದ್ದದ್ದು ಅದೊಂದೇ ಲೆಕ್ಕ: ಮಿಕ್ಸರು ಮಾದೇವನದು, ಬಾಡಿಗೆ ಕೇಳುವುದಿಲ್ಲ.

"ಸಾಯಂಕಾಲ ಊಟಕ್ಕೆ ಬಾರಪ್ಪ" ಎಂದೆ. "ನಿಮ್ಮಕ್ಕ ನಿನ್ನನ್ನೇ ನೆನೆಸ್ಕೋತಿದ್ಲು."