ಮೈನಾಳ ಮೇಲೆ ಯಾರು ಕೂರಬೇಕು

ಕೇಳಿದವರಿಗೆ ವಸ್ತು ಕೊಡುವ ವಿಷಯದಲ್ಲಿ ನಾನು ಜಿಪುಣಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಮನೆಯ ಏಣಿ ಅಲಖನೂರಿನ ಅರ್ಧ ಊರಿನ ಮಾಳಿಗೆ ಹತ್ತಿ ಇಳಿದು ಬಂದಿದೆ. ದೊಡ್ಡ ಕುಕ್ಕರು, ಜಮಖಾನೆ, ನನ್ನ ಸ್ಕೂಟಿ ಯಾವುದನ್ನೂ ಇಲ್ಲ ಅಂದವಳಲ್ಲ. ಕುಕ್ಕರು ಸೀಟಿ ಕಳೆದುಕೊಂಡು ಬಂದರೆ ಸ್ವಲ್ಪ ಮುಖ ಊದಿಸಿಕೊಂಡು, ಆಮೇಲೆ ಹೊಸ ಸೀಟಿ ತಂದು ಸುಮ್ಮನಾಗುತ್ತೇನೆ. ಆದರೆ ಕುದುರೆಯ ಮಾತು ಬೇರೆ. ಸ್ಕೂಟಿ ಕೊಟ್ಟರೆ ಪೆಟ್ರೋಲು ಕಡಿಮೆಯಾಗಿ ಬರುತ್ತದೆ, ಅಷ್ಟೇ. ಕುದುರೆ ಕೊಟ್ಟರೆ ಅದರ ಸ್ವಭಾವವೇ ಬದಲಾಗಿ ಬರಬಹುದು. ಇನ್ನೊಬ್ಬರು ತನ್ನನ್ನು ನನಗಿಂತ ಚೆನ್ನಾಗಿ ಓಡಿಸಿದರು ಅನ್ನುವುದು ಸ್ಕೂಟಿಗೆ ತಿಳಿಯುವುದಿಲ್ಲ. ಕುದುರೆಗೆ ತಿಳಿಯುತ್ತದೆ. ತಿಳಿದದ್ದನ್ನು ಅದು ಮುಚ್ಚಿಡುವುದೂ ಇಲ್ಲ.

ನನ್ನ ತವರು ಉಗಾರ ಬುದ್ರುಕ. ಅಪ್ಪ ಗಾಡಿ ಓಡಿಸುವ ಶರ್ಯತ್ತಿಗೆಂದು ಕುದುರೆ ಸಾಕುತ್ತಿದ್ದ. ಚಿಕ್ಕವಳಿದ್ದಾಗ ನನ್ನನ್ನು ಅವುಗಳ ಬೆನ್ನ ಮೇಲೆ ಕೂರಿಸಿ ಕೃಷ್ಣೆಯ ದಂಡೆಯವರೆಗೆ ನಡೆಸಿಕೊಂಡು ಹೋಗುತ್ತಿದ್ದ. ಅಪ್ಪನ ನಂತರ ಅಣ್ಣ ಆ ಉಸಾಬರಿ ಬಿಟ್ಟು ಕಬ್ಬು ಸಾಗಿಸುವ ಟ್ರ್ಯಾಕ್ಟರು ಕೊಂಡ. ಕೊನೆಗೆ ಉಳಿದದ್ದು ಮೈನಾ ಎಂಬ ಕಂದು ಬಣ್ಣದ ಹೆಣ್ಣು ಕುದುರೆ. ಅದನ್ನು ಯಾರಿಗಾದರೂ ಕೊಡುವ ಮಾತು ಬಂದಾಗ ನಾನು, "ಬ್ಯಾರೇದವರಿಗ್ಯಾಕ, ನನಗ ಕೊಡು" ಎಂದುಬಿಟ್ಟೆ. ಐವತ್ತು ದಾಟಿದ, ಹೈಸ್ಕೂಲಿನಲ್ಲಿ ಗಣಿತ ಕಲಿಸುವ, ಬಸ್ಸಿನ ಕಿಟಕಿ ಪಕ್ಕ ಕೂತರೂ ಮುಂದಿನ ಸೀಟು ಹಿಡಿದುಕೊಳ್ಳುವ ಹೆಂಗಸಿನ ಬಾಯಿಂದ ಆ ಮಾತು ಹೇಗೆ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಣ್ಣ ಮಾತ್ರ ನಾನು ಮನಸ್ಸು ಬದಲಿಸುವ ಮೊದಲೇ ಮೈನಾಳನ್ನು ಟೆಂಪೋದಲ್ಲಿ ಹತ್ತಿಸಿ ಕಳಿಸಿದ.

ನಮ್ಮ ಮನೆಯವರ ಹೆಸರು ಭೀಮಗೌಡ. ಹೆಸರಿಗೂ ಅವರಿಗೂ ಯಾವ ಸಂಬಂಧವೂ ಇಲ್ಲ. ಮೈನಾ ಬಂದ ದಿನ ಅವರು ಹಿತ್ತಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಕಿಟಕಿಯಲ್ಲಿ ನಿಂತು ಅವಳನ್ನು ನೋಡಿದರು. ಆಮೇಲೆ ಅವಳನ್ನು ಬಹುವಚನದಲ್ಲೇ ಕರೆಯತೊಡಗಿದರು. "ನಿಮ್ಮ ತವರಮನಿಯವರು ಇವತ್ತ ನನ್ನ ಅಂಗಿ ತಿಂದ್ರು" ಎಂದು ಶಾಂತವಾಗಿ ವರದಿ ಒಪ್ಪಿಸುತ್ತಿದ್ದರು. ನಾನು ದಿನಾ ಬೆಳಿಗ್ಗೆ ಅವಳ ಮೇಲೆ ಕೂತು ನಮ್ಮ ಕಬ್ಬಿನ ಹೊಲದವರೆಗೆ ಹೋಗಿಬರುವುದನ್ನು ರೂಢಿ ಮಾಡಿಕೊಂಡೆ. ಹೋಗಿಬರುವುದು ಎಂದರೆ, ಅವಳು ಹೋಗುತ್ತಿದ್ದಳು, ನಾನು ಮೇಲಿರುತ್ತಿದ್ದೆ. ನಾನು ಲಗಾಮನ್ನು ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿ, ಬೆವರುತ್ತ ಕೂತರೆ ಅವಳು ಎರಡೂ ಕಿವಿಗಳನ್ನು ಹಿಂದಕ್ಕೆ ಮಡಿಸಿಕೊಂಡು, ಆಟದ ಪಿರಿಯಡ್ಡು ಬಿಟ್ಟು ಗಣಿತಕ್ಕೆ ಬಂದ ಹುಡುಗರ ಹಾಗೆ ಕಾಲೆಳೆಯುತ್ತ ನಡೆಯುತ್ತಿದ್ದಳು. ಆದರೂ ಅವಳು ನನ್ನವಳು. ದೂರದಿಂದ ನೋಡಿದವರಿಗೆ ನಾನು ಧೈರ್ಯವಂತಳಾಗಿ ಕಾಣುತ್ತಿದ್ದೆ. ಆ ವಯಸ್ಸಿನಲ್ಲಿ ಅದೂ ಸಣ್ಣ ಸುಖವಲ್ಲ.

ಮನೆಯಲ್ಲಿ ಕುದುರೆ ಇದೆ ಅಂದಮೇಲೆ ಕೇಳುವವರು ಇದ್ದೇ ಇರುತ್ತಾರೆ. "ಬಾಯಾರ, ಒಂದ ರೌಂಡ ಅಷ್ಟ" ಎಂದು ಪಂಚಾಯಿತಿ ಸದಸ್ಯರು ಕೇಳಿದರು. ಫೋಟೋ ತೆಗೆಸಿಕೊಳ್ಳಲು ಮದುಮಗಳ ಕಡೆಯವರು ಕೇಳಿದರು. ಬ್ಯಾಂಕಿನ ಹೊಸ ಮ್ಯಾನೇಜರು, ತಾನು ಮೈಸೂರಿನಲ್ಲಿ ಕುದುರೆ ಏರುತ್ತಿದ್ದೆ ಎಂದು ಸೂಚ್ಯವಾಗಿ ಹೇಳಿ ನನ್ನ ಮುಖ ನೋಡಿದರು. ನನ್ನ ಕಣ್ಣಿಗೆ ಅವರೆಲ್ಲ ಸಾಲಾಗಿ ಕೈಮುರಿದುಕೊಂಡು ಬಿದ್ದದ್ದೇ ಕಾಣುತ್ತಿತ್ತು. ನಾಲು ಸಡಿಲಾಗಿದೆ, ಹೊಟ್ಟೆ ಸರಿಯಿಲ್ಲ, ಅಪರಿಚಿತರನ್ನು ಕಚ್ಚುತ್ತಾಳೆ ಎಂದು ನೆಪ ಹೇಳಿ ಹೇಳಿ ನನ್ನ ಸರಕು ಮುಗಿಯಿತು. ಆಗ ಕೈಹಿಡಿದವಳು ರಾಬಿಯಾ.

ರಾಬಿಯಾ ನಮ್ಮ ಪಕ್ಕದ ಮನೆಯವಳು, ಬಳೆ ಅಂಗಡಿಯವಳು, ನನ್ನದೇ ವಯಸ್ಸು. ನಮ್ಮಿಬ್ಬರ ಹಿತ್ತಲಿನ ನಡುವೆ ಗೋಡೆಯಿದೆ, ಆದರೆ ಮಾತಿಗೆ ಅದು ಅಡ್ಡಬಂದದ್ದಿಲ್ಲ. "ನಾಲು, ಹೊಟ್ಟಿ ಅಂದ್ರ ನಾಳೆ ಮತ್ತ ಬರ್ತಾರ. ಬಸರ ಅಂತ ಹೇಳು. ಯಾರೂ ಬಾಯಿ ತಗ್ಯಾಂಗಿಲ್ಲ" ಎಂದು ಗೋಡೆಯ ಆಚೆಯಿಂದಲೇ ಉಪಾಯ ಕೊಟ್ಟಳು. ಮತ್ತೆ ನೀವು ಹೇಗೆ ಕೂರುತ್ತೀರಿ ಎಂದವರಿಗೆ, ಬಸುರಿಗೆ ಮೆಲ್ಲಗಿನ ನಡಿಗೆ ಒಳ್ಳೆಯದು ಎಂದೆ. ಅದು ಬಹಳ ಚೆನ್ನಾಗಿ ನಡೆಯಿತು. ಎಷ್ಟು ಚೆನ್ನಾಗಿ ಅಂದರೆ, ಮರಿ ಯಾವಾಗ ಎಂದು ಜನ ವಿಚಾರಿಸಲು ಶುರುಮಾಡಿದರು. ಯಾರೋ ಪುಣ್ಯಾತ್ಮರು ಬೆಲ್ಲ, ಒಣಶುಂಠಿ ತಂದುಕೊಟ್ಟರು. ಅದನ್ನು ನಾನೂ ರಾಬಿಯಾಳೂ ಚಹಾಕ್ಕೆ ಹಾಕಿಕೊಂಡು ಕುಡಿದೆವು.

ಹೀಗಿರುವಾಗ ಒಂದು ಸಂಜೆ ರಾಬಿಯಾ ಗೋಡೆಯ ಹತ್ತಿರ ಬಂದು ನಿಂತು, ಮೈನಾಳನ್ನೇ ನೋಡಿದಳು. ಅವಳ ಎರಡೂ ಮೊಣಕಾಲು ಸವೆದುಹೋಗಿ, ಮೀರಜಿನಲ್ಲಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು.

"ಸುಮತಕ್ಕಾ, ಆಪರೇಶನ್ ಆದಮ್ಯಾಗ ಡಾಕ್ಟರ ಯಾತರ ಮ್ಯಾಗೂ ಹತ್ತಬ್ಯಾಡ ಅಂತಾರಂತ. ಅದಕ್ಕ ಮೊದಲ ಒಮ್ಮಿ ನಿನ್ನ ಕುದರಿ ಮ್ಯಾಲ ಕುಂಡ್ರಸ್ತಿ ಏನು?"

ನಾನು ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟೆ. ಬಾಯಿ ಅಭ್ಯಾಸಬಲದಿಂದ ನೆಪ ಹೇಳಲು ತೆರೆಯಿತು. ನನ್ನ ನೆಪಗಳೆಲ್ಲ ಅವಳಿಗೆ ಬಾಯಿಪಾಠ. ಅದರಲ್ಲಿ ದೊಡ್ಡದನ್ನು ಹೊಲಿದುಕೊಟ್ಟವಳೇ ಅವಳು. "ನೋಡೂಣು" ಎಂದೆ. ಅವಳು "ಹೂಂ" ಎಂದು ಒಳಗೆ ಹೋದಳು.

ಮುಂದಿನ ದಿನಗಳು ನನಗೆ ಬಹಳ ಕಷ್ಟದವು. ಹಿತ್ತಲಿಗೆ ಹೋಗುವ ಮೊದಲು ಗೋಡೆಯ ಆಚೆ ಸಪ್ಪಳವಿದೆಯೇ ಎಂದು ಕಿವಿಗೊಡುತ್ತಿದ್ದೆ. ಕಪ್ಪುಹಲಗೆಯ ಮೇಲೆ ತ್ರಿಕೋನ ಬರೆದರೆ ಅದರ ಮೇಲಿನ ಬಿಂದುವಿನಲ್ಲಿ ರಾಬಿಯಾ ಕೂತಿರುತ್ತಿದ್ದಳು, ಲಂಬರೇಖೆಯಾಗಿ ಕೆಳಗೆ ಬೀಳುತ್ತಿದ್ದಳು. ಅವಳು ಬಿದ್ದರೆ ಅವಳ ಮಗ ಸಲೀಮನಿಗೆ ಏನು ಹೇಳುವುದು? ಮೊಣಕಾಲಿನ ಆಪರೇಷನ್ನಿಗೆ ಹೋಗಬೇಕಾದವಳನ್ನು ಸೊಂಟದ ಆಪರೇಷನ್ನಿಗೆ ಕಳಿಸಿದವಳು ನಾನು ಎಂದಾಗುವುದಿಲ್ಲವೇ? ಮನೆಯವರ ಹತ್ತಿರ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಕೊಡಬೇಕು ಅಂದ್ರ ಕೊಡು, ಬ್ಯಾಡಂದ್ರ ಬ್ಯಾಡ ಅನ್ನು. ನನ್ನ ಮಾತ್ರ ನಿಮ್ಮ ತವರಮನಿಯವರ ಹತ್ರ ನಿಲ್ಲಸಬ್ಯಾಡ" ಎಂದರು.

ರಾಬಿಯಾ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಸಿಟ್ಟಾದರೂ ಬರುತ್ತಿತ್ತು. ಒಂದು ಬೆಳಿಗ್ಗೆ ಶಾಲೆಗೆ ಹೊರಟಾಗ ಅವಳು ತನ್ನ ಅಂಗಡಿಯ ಎರಡು ಮೆಟ್ಟಿಲು ಹತ್ತುವುದನ್ನು ಕಂಡೆ. ಗೋಡೆ ಹಿಡಿದು, ಏಡಿಯ ಹಾಗೆ ಅಡ್ಡಡ್ಡ ಹತ್ತುತ್ತಿದ್ದಳು. ಮೇಲೆ ತಲುಪಿ, ಯಾರಾದರೂ ನೋಡಿದರೇನೋ ಎಂದು ಆಚೀಚೆ ನೋಡಿ ಸೆರಗು ಸರಿಮಾಡಿಕೊಂಡಳು. ನಾನು ರಸ್ತೆಯಿಂದಲೇ, "ರವಿವಾರ ಮುಂಜಾನೆ ತಯಾರಿರು" ಎಂದೆ. ಹೇಳಿದ ಕ್ಷಣದಿಂದಲೇ ಪಶ್ಚಾತ್ತಾಪ ಶುರುವಾಯಿತು.

ರವಿವಾರ ರಾಬಿಯಾ ಸೀರೆಯ ಒಳಗೆ ಮಗನ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಬಂದಳು. "ಸಲೀಮಗ ಹೇಳಿಲ್ಲ" ಎಂದಳು. ಅವಳ ತಲೆಗೆ ನನ್ನ ಸ್ಕೂಟಿಯ ಹೆಲ್ಮೆಟ್ಟು ಹಾಕಿಸಿದೆ. ಮನೆಯವರನ್ನು ಕಾಲುಹಿಡಿದು ಒಪ್ಪಿಸಿ, ನೀರಿನ ಬಾಟಲಿ, ನೋವಿನ ಮುಲಾಮು, ಬ್ಯಾಂಡೇಜುಗಳ ಚೀಲದೊಂದಿಗೆ ಸ್ಕೂಟಿಯ ಮೇಲೆ ದೂರದಿಂದ ಹಿಂಬಾಲಿಸಲು ಹೇಳಿದೆ. ಹಿತ್ತಲ ಕಟ್ಟೆಯ ಪಕ್ಕ ಮೈನಾಳನ್ನು ನಿಲ್ಲಿಸಿ, ರಾಬಿಯಾಳನ್ನು ಕಟ್ಟೆಯ ಮೇಲಿಂದ ಮೇಲಕ್ಕೆ ದಬ್ಬಿದೆ. ಅವಳು ಒಮ್ಮೆ "ಯಾ ಅಲ್ಲಾ" ಎಂದು ಮೆಲ್ಲಗೆ ಅಂದು, ಆಮೇಲೆ ನೆಟ್ಟಗೆ ಕೂತಳು. ಮೈನಾ ಕುತ್ತಿಗೆ ತಿರುಗಿಸಿ ಅವಳ ಪಾದವನ್ನು ಮೂಸಿ, ಮುಂದೆ ನೋಡಿದಳು.

ಲಗಾಮು ಹಿಡಿದು ನಾನು ಮುಂದೆ ನಡೆದೆ. ಕಾಲುವೆಯ ಪಕ್ಕದ ದಾರಿ, ಎರಡೂ ಕಡೆ ಎತ್ತರದ ಕಬ್ಬು. "ಹೆದರಬ್ಯಾಡ, ಹೆದರಬ್ಯಾಡ" ಎಂದು ಹೇಳುತ್ತಲೇ ಇದ್ದೆ. "ಯಾರಿಗಿ ಹೇಳಾಕತ್ತಿ?" ಎಂದು ರಾಬಿಯಾ ಮೇಲಿನಿಂದ ಕೇಳಿದಳು. ಅಷ್ಟರಲ್ಲಿ ತಿರುವಿನಾಚೆಯಿಂದ ಕಬ್ಬು ತುಂಬಿದ ಟ್ರ್ಯಾಕ್ಟರು, ಹಿಂದೆ ಎರಡು ಟ್ರೈಲರು, ಎದೆ ನಡುಗಿಸುವ ಹಾಡಿನೊಂದಿಗೆ ಬಂತು. ಮೈನಾ ಹುಟ್ಟಿದಾಗಿನಿಂದ ಟ್ರ್ಯಾಕ್ಟರು ನೋಡಿದವಳು. ಅವಳು ಸುಮ್ಮನೆ ನಿಂತಳು. ನಾನು ನಿಲ್ಲಲಿಲ್ಲ. ಲಗಾಮನ್ನು ಜಗ್ಗಿ, ಇಡೀ ಕಬ್ಬಿನ ಹೊಲಕ್ಕೆ ಕೇಳುವ ಹಾಗೆ "ರಾಬಿಯಾ, ಗಟ್ಟಿ ಹಿಡಕೋ" ಎಂದು ಕಿರುಚಿ, ಹಿಂದೆ ಹೆಜ್ಜೆಯಿಟ್ಟು, ಬದಿಯ ಕಾಲುವೆಯೊಳಗೆ ಜಾರಿ ಕೂತುಬಿಟ್ಟೆ. ಮೈನಾ ಬೆಚ್ಚಿದ್ದು ನನ್ನ ಕಿರುಚಾಟಕ್ಕೆ. ಲಗಾಮು ಕೈಯಿಂದ ಜಾರಿತು. ಕೆಸರಿನಲ್ಲಿ ಕೂತು ನೋಡಿದಾಗ ಕಂಡದ್ದು ಕಂದು ಬಾಲ, ಅದರ ಮೇಲೆ ನನ್ನ ಕೆಂಪು ಹೆಲ್ಮೆಟ್ಟು, ಅದೂ ತಿರುವಿನಲ್ಲಿ ಮಾಯವಾಯಿತು.

ಮನೆಯವರು ಸ್ಕೂಟಿ ತಂದು ನಿಲ್ಲಿಸಿದರು. "ನಿನ್ನ ಎಬ್ಬಸ್ಲ್ಯೋ, ಅವರ ಹಿಂದ ಹೋಗ್ಲ್ಯೋ?" ಎಂದು ಕೇಳಿದರು. ಅವರ ಮುಖ ಬಿಳಿಚಿತ್ತು. ಎದ್ದು ನಿಂತರೆ ನನ್ನ ಎಡಗಾಲನ್ನು ನೆಲಕ್ಕೆ ಊರಲಾಗಲಿಲ್ಲ. ಹೇಗೋ ಅವರ ಹಿಂದೆ ಹತ್ತಿ ಕೂತೆ. ತಿರುವು ದಾಟಿದರೆ ದಾರಿಯಲ್ಲಿ ಯಾರೂ ಇಲ್ಲ. ಸ್ವಲ್ಪ ಮುಂದೆ ಮಣ್ಣಿನಲ್ಲಿ ರಾಬಿಯಾಳ ಒಂದು ಚಪ್ಪಲಿ ಬಿದ್ದಿತ್ತು. ಮನೆಯವರು ಅದನ್ನು ಎತ್ತಿ ನನ್ನ ಕೈಗೆ ಕೊಟ್ಟರು. ನಾನು ಆ ಚಪ್ಪಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸಲೀಮನ ಮುಂದೆ ಹೇಳಬೇಕಾದ ಮೊದಲ ವಾಕ್ಯವನ್ನು ಹುಡುಕುತ್ತಿದ್ದೆ. ಮುಂದಿನ ಹೊಲದಿಂದ ಹೆಂಗಸರ ದನಿಗಳು ಕೇಳಿದವು. ಅಳುತ್ತಿದ್ದಾರೆ ಎಂದುಕೊಂಡೆ.

ಅವರು ನಗುತ್ತಿದ್ದರು. ಕಬ್ಬು ಕಡಿಯಲು ಗಡಿಯ ಆಚೆಯಿಂದ ಬಂದಿದ್ದ ಮರಾಠಿ ಹೆಂಗಸರು ಕುಡಗೋಲು ಕೆಳಗಿಟ್ಟು ಸುತ್ತ ನಿಂತಿದ್ದರು. ನಡುವೆ ಮೈನಾ ಕಬ್ಬಿನ ಸೋಗೆ ತಿನ್ನುತ್ತಿದ್ದಳು. ಅವಳ ಮೇಲೆ ರಾಬಿಯಾ, ಹೆಲ್ಮೆಟ್ಟು ಕೊಂಚ ಓರೆ, ಒಂದು ಕಾಲು ಬರಿಗಾಲು, ಕೈಯಲ್ಲಿ ಅರ್ಧ ತಿಂದ ಕಬ್ಬಿನ ತುಂಡು.

"ಎಲ್ಲಿ ಉಳದಿ ಸುಮತಕ್ಕಾ?" ಎಂದಳು.

ನಾನು ಸ್ಕೂಟಿಯ ಮೇಲೇ ಅಳಲು ಶುರುಮಾಡಿದೆ. "ಬಿದ್ದಿ ಅಂತ ತಿಳದಿದ್ನಿ" ಎಂದೆ.

"ಅಕಿ ಓಡಿದ್ಲು. ಕೂಗೂದು ಹೆಂಗೂ ನೀ ಕೂಗಿದ್ದಿ, ನಾ ಮತ್ತ್ಯಾಕ ಅಂತ ಕುತಗಿ ಕೂದಲಾ ಹಿಡಕೊಂಡು ಸುಮ್ನ ಕುಂತ್ನಿ" ಎಂದಳು ರಾಬಿಯಾ. "ಇಲ್ಲಿ ಬಂದು ತಾನ ನಿಂತ್ಲು. ಇಳೀಬೇಕಂದ್ರ ಕಟ್ಟಿ ಇಲ್ಲ. ಈ ಬಾಯಿಗೋಳು ಕಬ್ಬ ಕೊಟ್ರು."

ಹೀಗಾಗಿ ಮನೆಗೆ ಮರಳುವ ಪ್ರಶ್ನೆ ಎದ್ದಿತು. ರಾಬಿಯಾಳನ್ನು ಅಲ್ಲಿ ಇಳಿಸುವಂತಿಲ್ಲ, ನಾನು ನಡೆಯುವಂತಿಲ್ಲ. ಲಗಾಮು ಹಿಡಿಯಲು ಉಳಿದವರು ಒಬ್ಬರೇ. ಮನೆಯವರು ಮೈನಾಳನ್ನು ನೋಡಿದರು, ನನ್ನ ಕಾಲು ನೋಡಿದರು, ಮತ್ತೆ ಮೈನಾಳನ್ನು ನೋಡಿದರು. ಆಮೇಲೆ ಮೂಗಿಗೆ ಕರವಸ್ತ್ರ ಹಿಡಿದು ಹೋಗಿ, ಲಗಾಮಿನ ತೀರ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು, "ಬರ್ರಿ" ಎಂದರು. ಮೈನಾ ಹೋದಳು. ಕಬ್ಬು ಕಡಿಯುವವರಲ್ಲಿ ಒಬ್ಬಳು ನನ್ನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು, ಬಹಳ ಜೋರಾಗಿ ಓಡಿಸುತ್ತ ಮನೆ ಮುಟ್ಟಿಸಿದಳು.

ಬಸ್ ಸ್ಟ್ಯಾಂಡಿನ ಹತ್ತಿರ ತನ್ನ ಮೊಬೈಲ್ ಅಂಗಡಿಯಿಂದ ಸಲೀಮ ಹೊರಗೆ ಬಂದು ತಾಯಿಯನ್ನು ನೋಡಿದನಂತೆ. ಬೈಯುತ್ತಾನೆಂದು ಎಲ್ಲರೂ ಕಾದರಂತೆ. ಅವನು, "ಅಮ್ಮೀ, ಮಣಕಾಲ ಹೆಂಗದಾವ?" ಎಂದಷ್ಟೇ ಕೇಳಿದನಂತೆ. "ಮ್ಯಾಲ ಕುಂತ್ರ ನೋಯಂಗಿಲ್ಲ" ಎಂದಳಂತೆ ರಾಬಿಯಾ.

ನನ್ನ ಕಾಲಿಗೆ ಪಟ್ಟಿ ಬಿತ್ತು. ನಡೆಯಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಆದರೆ ಕುದುರೆಯನ್ನು ಕಟ್ಟಿಹಾಕಿ ಇಡಲಾಗುತ್ತದೆಯೇ? ಹೀಗೆ ಆಪರೇಷನ್ನಿನ ದಿನ ಬರುವವರೆಗೂ ಪ್ರತಿ ಬೆಳಿಗ್ಗೆ ಕಟ್ಟೆಯ ಪಕ್ಕ ಮೈನಾ ನಿಲ್ಲುವುದು, ರಾಬಿಯಾ ಏರುವುದು, ನಮ್ಮ ಮನೆಯವರು ಮುಂದೆ ನಡೆಯುವುದು ಶುರುವಾಯಿತು. ನಾನು ಪಡಸಾಲೆಯಲ್ಲಿ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂಗುತ್ತಿದ್ದೆ: "ಸೊಂಟ ನೆಟ್ಟಗ ಇರ್ಲಿ. ಲಗಾಮ ಸಡ್ಲ ಬಿಡು." ರಾಬಿಯಾ "ಹೂಂ" ಎನ್ನುತ್ತಿದ್ದಳು. ಅವಳ ಸೊಂಟ ನೆಟ್ಟಗೇ ಇತ್ತು, ಲಗಾಮು ಸಡಿಲಾಗಿಯೇ ಇತ್ತು. ಮೈನಾಳ ಎರಡೂ ಕಿವಿಗಳು ಮುಂದಕ್ಕೆ ನಿಂತಿದ್ದವು. ಅವಳ ಕಿವಿಗಳು ಅಷ್ಟು ಉದ್ದ ಇವೆ ಅನ್ನುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗೆಳತಿ ಬಿದ್ದಾಳು ಎಂದು ಇಷ್ಟು ದಿನ ಹೆದರಿದ್ದೆನಲ್ಲ, ಈಗ ಅವಳು ಬೀಳದೇ ಇರುವುದನ್ನು ದಿನಾ ನೋಡುತ್ತ ಕೂತಿದ್ದೆ.

ರಾಬಿಯಾ ಮೀರಜಿಗೆ ಹೋದಳು. ಆಪರೇಷನ್ ಚೆನ್ನಾಗಿ ಆಯಿತು. ಎಚ್ಚರವಾದ ಮೇಲೆ ಫೋನಿನಲ್ಲಿ ಮೊದಲು ಕೇಳಿದ್ದು, "ಮೈನಾ ಉಂಡಾಳಿಲ್ಲೋ?" ಎಂದು. ನನ್ನ ಕಾಲಿನ ವಿಷಯ ಆಮೇಲೆ ಬಂತು.

ಅದೇ ವಾರ ನನ್ನ ಪಟ್ಟಿ ಬಿಚ್ಚಿದರು. ಮರುದಿನ ಬೆಳಿಗ್ಗೆ ಕೋಲು ಊರಿಕೊಂಡು, ಕೈಯಲ್ಲಿ ಗಜ್ಜರಿ ಹಿಡಿದು, ಒಂಥರಾ ನಾಚಿಕೆಯಿಂದಲೇ ಕುದುರೆಯ ಕೊಟ್ಟಿಗೆಗೆ ಹೋದೆ. ಮೈನಾ ಸಪ್ಪಳಕ್ಕೆ ತಲೆ ಎತ್ತಿದಳು, ಕಿವಿ ನಿಮಿರಿಸಿದಳು. ನನ್ನನ್ನು ನೋಡಿದಳು. ಆಮೇಲೆ ಕುತ್ತಿಗೆ ಓರೆ ಮಾಡಿ, ನನ್ನ ಭುಜದ ಮೇಲಿಂದ ಹಿಂದೆ, ರಾಬಿಯಾ ದಿನಾ ಬರುತ್ತಿದ್ದ ಓಣಿಯ ಕಡೆಗೆ ನೋಡತೊಡಗಿದಳು. ನಾನೂ ತಿರುಗಿ ನೋಡಿದೆ. ಓಣಿಯಲ್ಲಿ ಯಾರೂ ಇರಲಿಲ್ಲ. ಇದನ್ನು ಅವಳಿಗೆ ಹೇಗೆ ತಿಳಿಸುವುದೋ ಗೊತ್ತಾಗದೆ, ನಾನೇ ಒಂದಿಷ್ಟು ಬದಿಗೆ ಸರಿದು ನಿಂತೆ, ಅವಳಿಗೆ ಸರಿಯಾಗಿ ಕಾಣಲೆಂದು.