ಬಂಪರಿಗೆ ಬಡಿಸಿದ ಚಟ್ನಿ

ಬೆಳಗ್ಗೆ ಸ್ನಾನ ಮುಗಿಸಿ, ದೇವರಿಗೆ ದೀಪ ಹಚ್ಚಿ, ಒಂದು ಊದುಬತ್ತಿ ಸಿಕ್ಕಿಸಿ, ಅದು ಉರಿದು ಮುಗಿಯುವವರೆಗೆ ಕಣ್ಣು ಮುಚ್ಚಿ ಕೂರುವುದು ನನ್ನ ರೂಢಿ. ಜ್ವರ ಬಂದರೂ ತಪ್ಪಿಸಿದವಳಲ್ಲ. ಕಣ್ಣು ಮುಚ್ಚಿರುತ್ತದೆಯೇ ಹೊರತು ಕಿವಿ ಮುಚ್ಚಿರುವುದಿಲ್ಲ (ಇದು ದೇವರಿಗೂ ಗೊತ್ತು, ಅವನು ಬೇಜಾರು ಮಾಡಿಕೊಂಡಿಲ್ಲ). ಆ ಭಾನುವಾರ ಚಿಂತಾಮಣಿಯ ನಮ್ಮ ಮನೆಯಂಗಳದಿಂದ ಪರಪರ ಉಜ್ಜುವ ಸದ್ದು ಬರುತ್ತಿತ್ತು. ನನ್ನ ಗಂಡ ಮುರಳಿಮೋಹನ್ ಯಾರೂ ಹೇಳದೆ ಏನನ್ನೋ ಉಜ್ಜುತ್ತಿದ್ದಾರೆಂದರೆ ಎದೆ ಧಸಕ್ಕೆನ್ನಬೇಕು. ಎಂದಿತು ಕೂಡ. ಆದರೆ ಊದುಬತ್ತಿ ಇನ್ನೂ ಅರ್ಧ ಉಳಿದಿತ್ತು.

ಅಂಗಳದಲ್ಲಿದ್ದದ್ದು ನಮ್ಮ ಕಾರಲ್ಲ. ಶಿಡ್ಲಘಟ್ಟದಲ್ಲಿರುವ ಅವರ ಅಕ್ಕ, ನನ್ನ ಅತ್ತಿಗೆ ಅನಸೂಯಮ್ಮನವರದು. ಗೌರಿಬಿದನೂರಿನ ಮದುವೆಗೆಂದು ಕೇಳಿ ತಂದಿದ್ದೆವು. ಅತ್ತಿಗೆ ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತವರು, ಮತ್ತೊಬ್ಬರು ತಂದುಬಿಡುತ್ತೇವೆಂದರೆ ಒಪ್ಪುವವರಲ್ಲ. ಅವತ್ತು ಅವರೇ ಬಸ್ಸಿನಲ್ಲಿ ಬಂದು, ನಮ್ಮಲ್ಲಿ ದೋಸೆ ತಿಂದು, ಕಾರು ಓಡಿಸಿಕೊಂಡು ಹೋಗುವವರಿದ್ದರು.

ಅತ್ತಿಗೆಯಿಂದ ಎರವಲು ತರುವುದೆಂದರೇನು ಎಂದು ತಿಳಿಯಬೇಕಾದರೆ ಮಿಕ್ಸಿಯ ಕಥೆ ಕೇಳಬೇಕು. ಮಗಳ ನಾಮಕರಣಕ್ಕೆ ಅವರ ಮಿಕ್ಸಿ ತಂದಿದ್ದೆವು. ಹಿಂದಿರುಗಿಸಿದಾಗ ಜಾರಿನ ಮುಚ್ಚಳದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಅಂದಿನಿಂದ ನೆಂಟರಿಷ್ಟರ ಯಾವ ಶುಭಕಾರ್ಯವೂ ಆ ಮುಚ್ಚಳದ ಪಾರಾಯಣವಿಲ್ಲದೆ ಮುಗಿದಿಲ್ಲ. ನಾನು ಯಾರು ಏನು ಹೇಳಿದರೂ ಕೂತು ಕೇಳುವವಳು. ಕೇಳುತ್ತ ಕೇಳುತ್ತ ಬಿರುಕು ಬೆಳೆಯುವುದನ್ನೂ ಗಮನಿಸಿದ್ದೇನೆ. ಯಾರದೋ ಗೃಹಪ್ರವೇಶದಲ್ಲಿ ಅದು ಬೆರಳುದ್ದವಾಯಿತು. ಗೌರಿಬಿದನೂರಿನ ಮದುವೆಯ ಹೊತ್ತಿಗೆ ಮುಚ್ಚಳ ಎರಡು ಹೋಳಾಗಿತ್ತು. ಮಗಳು ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಮುಚ್ಚಳಕ್ಕೇ ಇಷ್ಟಾದರೆ ಕಾರಿಗೆಷ್ಟು? ಅದಕ್ಕೇನಾದರೂ ಆದರೆ ನನ್ನ ಉಳಿದ ಆಯುಷ್ಯವೆಲ್ಲ ಅದನ್ನೇ ಕೇಳುತ್ತ ಕಳೆಯಬೇಕು.

ಊದುಬತ್ತಿ ಮುಗಿಯಿತು. ಓಡಿದೆ.

ತಂದ ಹಾಗೇ ಹಿಂದಿರುಗಿಸಿದರೆ ಅದರಲ್ಲೇನು ಹೆಚ್ಚುಗಾರಿಕೆ ಎಂದು ಯೋಚಿಸಿದ ನನ್ನ ಪತಿದೇವರು, ವ್ಯಾಕ್ಸ್ ಡಬ್ಬಿ ತಂದು ಇಡೀ ಕಾರಿಗೆ ಮೇಣಾಭಿಷೇಕ ನೆರವೇರಿಸಿದ್ದರು. ನೀಲಿ ಮೈ ಫಳಫಳ ಹೊಳೆಯುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಅವರು ಅಲ್ಲಿಗೆ ನಿಂತಿರಲಿಲ್ಲ. ಬಂಪರು, ಬಾಗಿಲುಗಳ ಕೆಳಗಿನ ಪಟ್ಟಿ, ಚಕ್ರಗಳ ಮೇಲಿನ ಕಮಾನು, ಹೀಗೆ ಕಪ್ಪು ಪ್ಲಾಸ್ಟಿಕ್ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬಳಿದಿದ್ದರು. ಆ ತರಿತರಿ ಪ್ಲಾಸ್ಟಿಕ್ಕಿನ ಸಂದುಸಂದಿನಲ್ಲಿ ಮೇಣ ಇಳಿದು, ಬಿಸಿಲಿಗೆ ಒಣಗಿ, ಬೆಳ್ಳಗೆ ಕೂತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆವು, ಬಿಳಿ ಇನ್ನಷ್ಟು ಹರಡಿತು. ಸೋಪಿನ ಪುಡಿ, ಹಳೇ ಬ್ರಷ್ಷು, ತೆಂಗಿನ ನಾರು ಎಲ್ಲ ಆಯಿತು. ಅದು ಕದಲಲಿಲ್ಲ.

ಹಾಲು ತರಲು ಹೊರಟಿದ್ದ ಎದುರು ಮನೆಯ ಚಿಕ್ಕವೆಂಕಟಮ್ಮ ಗೇಟಿನ ಬಳಿ ನಿಂತರು. "ಏಮ್ಮಾ ಮಾಲಾ, ಕಾರಿಗೂ ಈಬೂತಿ ಬಳ್ದಿದ್ದೀಯಾ? ನಿನ್ ಭಕ್ತಿಗೆ ಏನ್ ಹೇಳಣ," ಎಂದು ಒಳಗೆ ಬಂದು, ಬಂಪರು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದರು.

ಅಷ್ಟರಲ್ಲಿ ಅತ್ತಿಗೆಯ ಫೋನು. ಬಸ್ಸು ಹತ್ತಿದ್ದರು, ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತು.

ಗಂಡ ಮೆಟ್ಟಿಲ ಮೇಲೆ ಕುಸಿದರು. "ಮುಚ್ಚಳದ ಕಥೆ ಇವತ್ತಿಗೆ ಮುಗೀತು ಕಣೇ. ಇನ್ಮೇಲೆ ಬಂಪರ್ ಪಾರಾಯಣ."

ಏನೂ ತೋಚದೆ ಅಡುಗೆಮನೆಗೆ ಬಂದೆ. ಕಡ್ಲೆಕಾಯಿ ಬೀಜದ ಚಟ್ನಿ ರುಬ್ಬಿಟ್ಟಿದ್ದೆ. ಅತ್ತಿಗೆ ನಮ್ಮ ಮನೆಯಲ್ಲಿ ಹೊಗಳುವ ಏಕೈಕ ವಸ್ತು ಅದು. ಪಕ್ಕದಲ್ಲಿದ್ದ ನಮ್ಮ ಮಿಕ್ಸಿಯ ಕಪ್ಪು ಮೈ ಕಂಡಾಗ ನೆನಪಾಯಿತು: ಹಿಂದೊಮ್ಮೆ ಕರೆಂಟು ಹೋದಾಗ ಅದರ ಮೇಲೆ ಮೇಣದಬತ್ತಿ ಸೋರಿ, ಎಷ್ಟು ತಿಕ್ಕಿದರೂ ಹೋಗದ ಬಿಳಿ ಮಚ್ಚೆ ಕೂತಿತ್ತು. ಆಮೇಲೆ ಯಾವಾಗಲೋ ಇದೇ ಚಟ್ನಿ ಚೆಲ್ಲಿ ಒರೆಸಿದಾಗ ಮಚ್ಚೆ ಚಟ್ನಿಯ ಜೊತೆಗೇ ಹೊರಟುಹೋಗಿತ್ತು. ಬೀಜದ ಎಣ್ಣೆ ಮೇಣವನ್ನು ಸಡಿಲ ಮಾಡುತ್ತದೆ, ಬೀಜದ ತರಿ ಅದನ್ನು ಕೆರೆದು ತೆಗೆಯುತ್ತದೆ. ನನಗೆ ಯಾರೂ ಕಲಿಸಿದ್ದಲ್ಲ, ಮಿಕ್ಸಿ ಕಲಿಸಿದ್ದು.

ಬರೀ ಬೀಜ ರುಬ್ಬೋಣವೆಂದರೆ ಡಬ್ಬ ಖಾಲಿ. ಇದ್ದದ್ದೆಲ್ಲ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣಿನ ಸಮೇತ ಚಟ್ನಿಯಾಗಿತ್ತು. ದೇವರ ಕಡೆ ಒಮ್ಮೆ ನೋಡಿ ಪಾತ್ರೆ ಎತ್ತಿಕೊಂಡೆ.

"ಬಂಪರಿಗೆ ಚಟ್ನಿನಾ?" ಎಂದರು ಗಂಡ.

"ಮಾತಾಡ್ಬೇಡಿ. ಬಟ್ಟೆ ತಗೊಳ್ಳಿ."

ಒಂದು ಮೂಲೆಗೆ ಬಳಿದು ಉಜ್ಜಿದೆ. ಒರೆಸಿದೆ. ಬಿಳಿ ಮಾಯವಾಗಿ, ಕಾಡಿಗೆಯಂಥ ಕಪ್ಪು ಮೂಡಿತು. ಆಮೇಲೆ ಇಬ್ಬರೂ ಕೈ ನಿಲ್ಲಿಸಲಿಲ್ಲ. ನಡುವೆ ಗಂಡ ಬೆವರು ಒರೆಸಲು ಹೋಗಿ ಖಾರದ ಕೈ ಕಣ್ಣಿಗೆ ಒತ್ತಿಕೊಂಡು ಅಂಗಳದ ತುಂಬ ತಾಂಡವವಾಡಿದ್ದನ್ನು ಬಿಟ್ಟರೆ ನಮ್ಮ ದಿಗ್ವಿಜಯಕ್ಕೆ ಯಾವ ವಿಘ್ನವೂ ಬರಲಿಲ್ಲ. ನೀರು ಹಾಕಿ ತೊಳೆದಾಗ ಬಂಪರು ಶೋರೂಮಿನಲ್ಲಿದ್ದಾಗಲೂ ಹೀಗಿತ್ತೋ ಇಲ್ಲವೋ ಅನ್ನಿಸಿತು.

ಅತ್ತಿಗೆ ಬಂದರು. ಚಪ್ಪಲಿ ಬಿಡುವ ಮೊದಲೇ ಕಾರಿಗೆ ಪ್ರದಕ್ಷಿಣೆ ಬಂದರು. ಬಗ್ಗಿದರು, ಬೆರಳಾಡಿಸಿದರು, ಬೆರಳು ನೋಡಿಕೊಂಡರು. ಏನೂ ಹೇಳಲಿಲ್ಲ. ಅತ್ತಿಗೆ ಏನೂ ಹೇಳದಿರುವುದು ಬೇರೆಯವರು ಶಾಲು ಹೊದಿಸಿದ್ದಕ್ಕೆ ಸಮ. ಗಂಡನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ಆಮೇಲೆ ಅತ್ತಿಗೆ ಮೂಗರಳಿಸಿದರು.

"ಇಲ್ಲೀವರ್ಗೂ ಚಟ್ನಿ ಘಮ ಬರ್ತೈತೆ ಕಣೇ ಮಾಲಾ. ಹೊಟ್ಟೆ ಹಸೀತೈತೆ, ಬಡಿಸು."

ಆಗ ನೆನಪಾಯಿತು ನನಗೆ, ಪಾತ್ರೆ ತಳ ಕಂಡಿದೆ ಎಂಬುದು.

ದೋಸೆ ಹಾಕಿ ಪಕ್ಕಕ್ಕೆ ಮಾವಿನ ಉಪ್ಪಿನಕಾಯಿ ಇಟ್ಟೆ. ಅತ್ತಿಗೆ ದೋಸೆ ಮುರಿಯದೆ ಕಾದರು. ಬೆಳಗ್ಗೆಯಷ್ಟೇ ದೀಪ ಹಚ್ಚಿದವಳಿಗೆ ಸುಳ್ಳು ಬಾಯಿಗೆ ಬರಲಿಲ್ಲ. "ಮಾಡಿದ್ದೆ ಅತ್ತಿಗೆ. ಮುಗ್ದೋಯ್ತು," ಎಂದೆ.

ಅವರು ತಮ್ಮನನ್ನು ನೋಡಿದರು. ಅಂಗಿಯ ಮೇಲೆ ಚಟ್ನಿ, ಉಗುರುಗಳಲ್ಲಿ ಚಟ್ನಿ, ಖಾರಕ್ಕೆ ಕೆಂಪಾದ ಕಣ್ಣು. "ಪಾತ್ರೆಗಟ್ಲೆ ನೀನೊಬ್ನೇ ಬಳ್ಕೊಂಡ್ ತಿಂದ್ಯೇನೋ?"

ಗಂಡ ನನ್ನನ್ನು ನೋಡಿದರು, ಕಾರನ್ನು ನೋಡಿದರು, ತಲೆ ತಗ್ಗಿಸಿ ಹೂಂ ಎಂದರು.

ಅತ್ತಿಗೆ ನನ್ನ ಕಡೆ ತಿರುಗಿದರು. "ಅವ್ನಿಗಂತೂ ಬುದ್ಧಿ ಇಲ್ಲ. ಬಸ್ಸಲ್ಲಿ ಬಂದೋಳ್ಗೆ ಒಂದ್ ಚಮಚ ಎತ್ತಿಡ್ಬೇಕು ಅಂತ ನಿನಗಾದ್ರೂ ಅನ್ಸಲಿಲ್ವೇನೇ?"

ಹೊಸ ಪುರಾಣದ ಮೊದಲ ಅಧ್ಯಾಯ ನನ್ನ ಕಣ್ಣೆದುರೇ ಶುರುವಾಯಿತು. ಮುಂದಿನ ಸೀಮಂತದ ಹೊತ್ತಿಗೆ ನಾನು ಉಪ್ಪಿನಕಾಯಿಯನ್ನೂ ಬಡಿಸಿರುವುದಿಲ್ಲ. ಅದರ ಮುಂದಿನ ಮದುವೆಯಲ್ಲಿ ಅತ್ತಿಗೆ ಹಸಿದ ಹೊಟ್ಟೆಯಲ್ಲೇ ಕಾರು ಓಡಿಸಿರುತ್ತಾರೆ. ಆದರೆ ಆ ಕಾರು ಮಾತ್ರ, ಎಷ್ಟು ಪಾರಾಯಣವಾದರೂ, ಫಳಫಳ ಹೊಳೆಯುತ್ತಲೇ ಇರುತ್ತದೆ. ನನಗೆ ಅಷ್ಟು ಸಾಕು.

ಹೊರಡುವಾಗ ಸ್ಟೇರಿಂಗ್ ಹಿಡಿದ ಅತ್ತಿಗೆಯ ಮನಸ್ಸು ಕರಗಿತು. ಕಿಟಕಿಯಿಂದ ತಲೆ ಹೊರಹಾಕಿದರು. "ನಿಮ್ ಮಿಕ್ಸಿ ಚಿಕ್ಕದು, ಅದಕ್ಕೇ ಚಟ್ನಿ ಸಾಲಲ್ಲ. ನಮ್ ಹಳೇದು ಸುಮ್ನೆ ಕೂತೈತೆ, ಹೊಸ ಮುಚ್ಚಳ ಹಾಕ್ಸಿದೀನಿ. ತಂದ್ಕೊಡ್ತೀನಿ, ಎಷ್ಟ್ ದಿನ ಬೇಕಾದ್ರೂ ಇಟ್ಕೋ."

ತಲೆಯಾಡಿಸಲು ಹೊರಟ ಗಂಡನ ಕಾಲು ತುಳಿದು, ನಾನು ಎರಡೂ ಕೈ ಮುಗಿದೆ.

"ಬೇಡ ಅತ್ತಿಗೆ. ನಾವು ಹೆಂಗೋ ಚಟ್ನಿ ಇಲ್ದೇನೇ ಇರ್ತೀವಿ."