ಬೆರಳು ಉಳಿದರೆ ಕ್ಲಾಸು ಉಳಿದೀತು

ದಾಂಡೇಲಿಯ ಬಂಗೂರನಗರದಲ್ಲಿ ಗಿಟಾರ್ ಕಲಿಸಲು ಕೂತ ಮೇಲೆ ನನಗೆ ನಗೆಗೆ ಬರವಿಲ್ಲ. ಗಿಟಾರಿಗೆ ತಂತಿ ಆರಿಸುವುದು ಎಂಬ ಒಂದೇ ಒಂದು ಸಣ್ಣ ಕೆಲಸ ಸಾಕು, ತಮಾಷೆ ತಾನಾಗಿಯೇ ಬಾಗಿಲಿಗೆ ಬರುತ್ತದೆ.

ವಿಷಯ ಇಷ್ಟೇ. ತಂತಿಯ ಪ್ಯಾಕೆಟ್ ಮೇಲೆ ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು ಅಂತ ನಂಬರ್ ಇರುತ್ತದೆ. ನಂಬರ್ ಏರಿದಂತೆ ತಂತಿ ದಪ್ಪ. ದಪ್ಪ ತಂತಿಗೆ ನಾದ ಗಟ್ಟಿ, ಆದರೆ ಹೊಸಬರ ಬೆರಳ ತುದಿಗೆ ಗುಳ್ಳೆ. ತೆಳ್ಳಗಿನದು ಬೆರಳಿಗೆ ಹಗುರ, ನಾದ ಸ್ವಲ್ಪ ಸಪ್ಪೆ. ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು ಹತ್ತು. ಕೇಳುವವರು ಯಾರು?

ಕೇಳದಿದ್ದರೆ ಕಷ್ಟ ನನಗೇ. ಬೆರಳು ಉರಿದವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಕ್ಲಾಸು ನಡೆಯುವ ಖೋಲಿಯ ಮಾಲಕಿ, ಮೇಲಿನ ಮನೆಯಲ್ಲಿರುವ ಅಕ್ಕಾರು, ಮಳೆಗಾಲದಲ್ಲೇ ಕೆಳಗಿಳಿದು ಬಂದು ಹೇಳಿದ್ದರು: "ಮಾಸ್ತರ್ರ, ದಸರಾ ತನಕ ನೋಡ್ತೇನಿ. ಕಲಿಯಾವ್ರು ನಿಂತ್ರ ನೀವೂ ನಿಲ್ರಿ. ಓಡಿ ಹೋದ್ರ ಖೋಲಿ ಬ್ಯೂಟಿ ಪಾರ್ಲರಿನವರಿಗೆ ಕೊಡ್ತೇನಿ." ಬೇರೆ ಕಡೆ ಖೋಲಿ ಕೇಳಿದರೆ, ಗಿಟಾರ್ ಅನ್ನುತ್ತಲೇ ಬಾಗಿಲು ಹಾಕಿಕೊಳ್ಳುತ್ತಾರೆ. ನಾನು ನಿಜಕ್ಕೂ ಹೆದರಿದ್ದೆ.

೧. ಬೆಳೆಯುವ ಹುಡುಗಿ

ಆ ವಾರವೇ ಒಬ್ಬ ತಾಯಿ ಏಳನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಬಂದರು. ಹೊಸ ಗಿಟಾರ್, ಅದಕ್ಕೆ ಹದಿಮೂರರ ತಂತಿ. ಹುಡುಗಿ ಎಷ್ಟು ಒತ್ತಿದರೂ ತಂತಿ ಬಗ್ಗುತ್ತಿಲ್ಲ. ಕಣ್ಣಲ್ಲಿ ನೀರು.

"ಯಾಕ್ರೀ ಅಕ್ಕಾ, ಇಷ್ಟು ದಪ್ಪದ್ದು?" ಎಂದೆ.

"ಬೆಳಿಯೋ ಹುಡುಗಿ ಅಲ್ರೀ ಸರ್! ಯೂನಿಫಾರ್ಮ್ ಎರಡು ಇಂಚು ದೊಡ್ಡದ ಹೊಲಸ್ತೇವಿ, ಚಪ್ಪಲ್ ಒಂದು ನಂಬರ್ ದೊಡ್ಡದ ತಗೋತೇವಿ. ಇದೂ ಹಂಗ. ಎಸ್ಸೆಸ್ಸೆಲ್ಸಿ ತನಕ ಬಾಳಿಕಿ ಬರಬೇಕು."

"ತಂತೀನ ಮಡಚಿ ಹೊಲಿಯಾಕ ಬರೂದಿಲ್ರೀ ಅಕ್ಕಾ" ಎಂದು ನಾನೇ ಅದನ್ನು ಬಿಚ್ಚಿ ಹತ್ತರದ್ದು ಹಾಕಿಕೊಟ್ಟೆ. ಹುಡುಗಿ ಒತ್ತಿದಳು, ನಕ್ಕಳು. ನನ್ನ ಜೀವ ತಣ್ಣಗಾಯಿತು. ತಾಯಿ ಮಾತ್ರ ಬಿಚ್ಚಿದ ತಂತಿಗಳನ್ನು ಜೋಪಾನವಾಗಿ ಸುತ್ತಿ ಪಿಶವಿ ಚೀಲಕ್ಕೆ ಹಾಕಿಕೊಂಡರು. ಮುಂದಿನ ವಾರ ಕುತೂಹಲ ತಡೆಯದೆ, ಅವನ್ನೇನು ಮಾಡಿದಿರಿ ಅಂತ ಕೇಳಿದೆ.

"ಟ್ರಂಕಿನ್ಯಾಗ ಇಟ್ಟೇನ್ರೀ. ಅಕಿ ಮದವಿಗಂತ ತಗದಿಟ್ಟ ಸ್ಟೀಲ್ ಭಾಂಡೆ ಜೋಡಿ."

೨. ಹಳಿಯಾಳದ ಮಿಸ್ತ್ರಿ

ಎರಡನೆಯ ವಿದ್ಯಾರ್ಥಿ ಹಳಿಯಾಳದವರು, ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡುವ ಮಿಸ್ತ್ರಿ. ನಡುವಯಸ್ಸು, ಆಸೆ ಮಾತ್ರ ಕಾಲೇಜು ಹುಡುಗರದು. ಪ್ರತಿ ರವಿವಾರ ಬೈಕಿನಲ್ಲಿ ಬಂದು ನನ್ನ ಗಿಟಾರಿನ ಮೇಲೆ ಕಲಿಯುತ್ತಿದ್ದರು. ಮನೆಯಲ್ಲಿ ರೂಢಿ ಮಾಡಲು ಅವರದೇ ಒಂದಿತ್ತು. ಮೊದಲ ವಾರ ಎಲ್ಲರಿಗೂ ನೋಯುವಂತೆ ಅವರಿಗೂ ನೋಯಿತು.

"ಮನೀ ಗಿಟಾರಿಗೆ ಹತ್ತರದ್ದ ಐತ್ರೀ. ಇದಕ್ಕಿಂತ ಸಣ್ಣ ತಂತಿ ಸಿಗ್ತೈತೇನು ಮಾಸ್ಟರ್?"

"ಸಿಕ್ಕೀತು, ಹುಬ್ಬಳ್ಯಾಗ ನೋಡ್ರಿ."

ತಾಮ್ರದ ತಂತಿ ತರಲು ಹುಬ್ಬಳ್ಳಿಗೆ ಹೋದಾಗ ಇದನ್ನೂ ತಂದು ಹಾಕಿಕೊಂಡರು. ಮುಂದಿನ ರವಿವಾರ ಬೆರಳು ಕೆಂಪು. "ಇನ್ನೂ ಸಣ್ಣದ ನೋಡ್ತೇನ್ರೀ" ಎಂದು ಹೋದರು. ಅದರ ಮುಂದಿನ ಸಲ ಬೆರಳಿಗೆಲ್ಲ ಪಟ್ಟಿ. ಕೊನೆಗೆ ಗಿಟಾರನ್ನೇ ಹೊತ್ತು ತಂದು ನನ್ನ ಮುಂದಿಟ್ಟರು. "ತೌಬಾ ತೌಬಾ! ಎಲ್ಲಕ್ಕೂ ಸಣ್ಣದ ಹಾಕೇನಿ. ಇದು ಸಂಗೀತ ಏನು ಸಜಾ ಏನ್ರೀ? ನಾ ಬಿಟ್ಟಬಿಡ್ತೇನಿ."

ನೋಡಿದೆ. "ಮಿಸ್ತ್ರಿ, ಇದು ಹದಿಮೂರು!"

"ಹೌದ್ರೀ. ಹತ್ತು ನೋಯ್ತಂತ ಹನ್ನೊಂದು, ಅದೂ ನೋಯ್ತಂತ ಹನ್ನೆರಡು, ಆಮ್ಯಾಲೆ ಹದಿಮೂರು. ನಂಬರ್ ಏರಿದಂಗ ತಂತಿ ಸಣ್ಣ ಆಗೂದಿಲ್ಲೇನು?"

ಮೋಟರಿನ ತಾಮ್ರದ ತಂತಿಯ ಲೆಕ್ಕ ಹಾಗೇ ಇದೆ. ಅಲ್ಲಿ ನಂಬರ್ ದೊಡ್ಡದಾದಷ್ಟೂ ತಂತಿ ತೆಳು. ಗಿಟಾರಿನದು ಅದಕ್ಕೆ ಉಲ್ಟಾ ಅಂತ ಹೇಳಿದೆ. ಮಿಸ್ತ್ರಿ ಹಣೆ ಬಡಿದುಕೊಂಡರು.

"ಅಲ್ರೀ, ದಿನಾ ತಂತಿ ಹಿಡಿಯೋ ಕೈ. ದಪ್ಪ ಅನ್ನಿಸಲಿಲ್ಲೇನು?"

"ಅನ್ನಿಸ್ತ್ರೀ. ಬೆರಳು ಬಾತದ್ದಕ್ಕ ಹಂಗ ಅನ್ನಸಾಕತ್ತೈತಿ ಅಂತ ತಿಳಕೊಂಡೆ. ಬರೂ ವಾರ ಇಪ್ಪತ್ತು ಹುಡಕಾಂವ ಇದ್ದೆ!"

೩. ಜೊಯಿಡಾದ ಶಾಂತಿ

ಮಿಸ್ತ್ರಿಯ ಗಿಟಾರಿಗೆ ಹತ್ತರದ್ದು ಹಾಕಿಕೊಟ್ಟೆ, ಬಿಡುವ ಮಾತನ್ನು ಅವರೂ ಬಿಟ್ಟರು. ಹದಿಮೂರರ ಇನ್ನೊಂದು ಹೊಸ ಪ್ಯಾಕೆಟ್ಟನ್ನೂ ತಂದಿದ್ದರು. ಅದನ್ನು ಕಣ್ಣೆದುರು ಇಟ್ಟುಕೊಳ್ಳುವುದೂ ಬೇಡ ಅಂತ ನನ್ನ ಹತ್ತಿರವೇ ಬಿಟ್ಟು ಹೋದರು. ಅಷ್ಟರಲ್ಲಿ ಜೊಯಿಡಾ ಕಡೆಯ ಹೋಮ್‌ಸ್ಟೇ ಮಾಲಕರೊಬ್ಬರು ಗಿಟಾರ್ ಹಿಡಿದು ಒಳಗೆ ಬಂದರು. ಮೂರನೆಯ ವಿದ್ಯಾರ್ಥಿ ಸಿಕ್ಕರು ಅಂತ ಖುಷಿಯಲ್ಲಿ ಕುರ್ಚಿ ಒರೆಸಿಕೊಟ್ಟೆ.

"ಕಲಿಯಾಕ ಅಲ್ರೀ. ಇದಕ್ಕ ಎಲ್ಲಕ್ಕಿಂತ ದಪ್ಪ ತಂತಿ ಹಾಕ್ರಿ."

"ನಾದ ಗಟ್ಟಿ ಬೇಕೇನ್ರೀ?"

"ನಾದಾನ ಬ್ಯಾಡ್ರೀ! ಬೆಂಕಿ ಮುಂದ ಗಿಟಾರ್ ಇಲ್ಲಾಂದ್ರ ಗೆಸ್ಟ್ ಬರೂದಿಲ್ಲ. ಇದ್ರ ಮಲಗೂದಿಲ್ಲ. ಬಾಜೂ ಮನಿಯವರು ನನಗ ಬೈತಾರ. ಫೋಟೋಕ್ಕ ಹಿಡೀಬೇಕು, ಒಂದ ಹಾಡಿಗೆ ಬೆರಳು ಉರೀಬೇಕು, ಗಪ್ಪನ ಹೋಗಿ ಮಲಗಬೇಕು. ಅಂಥಾದ್ದು ಹಾಕ್ರಿ."

ತಂತಿ ಆರಿಸುವುದರಲ್ಲಿ ಇಷ್ಟು ಸ್ಪಷ್ಟವಾಗಿದ್ದವರನ್ನು ನಾನು ಬೇರೆ ನೋಡಿಲ್ಲ. ಮಿಸ್ತ್ರಿಯ ಹದಿಮೂರು ಹಾಕಿಕೊಟ್ಟೆ. ವಾರದ ನಂತರ ಫೋನ್ ಬಂತು.

"ಸರ್, ಭಾಳ ಚಲೋ ಆತು. ನಿಮ್ಮ ಜಾಗಾದಾಗ ಏನ್ ಶಾಂತಿ ಐತ್ರೀ ಅಂತ ಎಲ್ಲಾ ಗೆಸ್ಟ್ ಐದೈದು ಸ್ಟಾರ್ ಕೊಡಾಕತ್ತಾರ!"

೪. ಮೇಲಿನ ಮನೆಯವರು

ದಸರಾ ಬಂತು. ಹುಡುಗಿ ರಜೆಗೆ ಮುಂಡಗೋಡ ಕಡೆ, ಮಳಗಿಯ ಅಜ್ಜಿ ಮನೆಗೆ ಹೋಗಿದ್ದಳು. ಮಿಸ್ತ್ರಿ ಬೆರಳು ಮಾಯಲಿ ಅಂತ ಹಳಿಯಾಳದಲ್ಲೇ ಉಳಿದಿದ್ದರು. ಖಾಲಿ ಖೋಲಿಯಲ್ಲಿ ನಾನೊಬ್ಬನೇ ಕೂತಿದ್ದಾಗ ಪಾರ್ಲರಿನವರು ಬಂದು, ಕನ್ನಡಿ ಎಲ್ಲಿ ಹಾಕಬೇಕು ಅಂತ ಗೋಡೆ ಅಳೆಯತೊಡಗಿದರು. ಹಿಂದೆಯೇ ಅಕ್ಕಾರು ಇಳಿದು ಬಂದರು. ಕಥೆ ಮುಗಿಯಿತು ಅಂದುಕೊಂಡೆ.

ಅಕ್ಕಾರು ಗೋಡೆಯ ಗಿಟಾರುಗಳನ್ನು ನೋಡುತ್ತ, "ಬೆರಳಿಗೆ ಒಟ್ಟ ನೋಯದಂಥಾ ತಂತಿ ಯಾವುದ್ರೀ?" ಎಂದರು.

"ನನ್ನ ಕಡೆ ಇದ್ದದ್ದರಾಗ ಹತ್ತರದ್ದ್ರೀ ಅಕ್ಕಾರ. ಯಾರಿಗೆ?"

ಅವರು ಬಾಗಿಲ ಕಡೆ ಕೈ ಮಾಡಿದರು. ಅಲ್ಲಿ ಅವರ ಯಜಮಾನರು ನಿಂತಿದ್ದರು. ಹೋದ ತಿಂಗಳಷ್ಟೇ ಪೇಪರ್ ಮಿಲ್ಲಿನಿಂದ ರಿಟೈರ್ ಆದವರು.

"ಮುಂಜಾನಿಂದ ಅಡಗಿಮನ್ಯಾಗ ನಿಂದ್ರತಾರ. ಪಲ್ಯಾಕ ಉಪ್ಪು ಎಷ್ಟು, ಗ್ಯಾಸ್ ಯಾಕ ದೊಡ್ಡದ ಮಾಡಿದಿ, ಎಲ್ಲಾ ಇವರ ಹೇಳಬೇಕು. ಬಳ್ಳೊಳ್ಳಿ ಸುಲಿಯಾಕ ಕೂಡಿಸಿದ್ರೂ ಬಾಯಿ ನಿಂದ್ರವಲ್ದು. ದಿನಾ ಸಂಜೀತನಕ ಇಲ್ಲೇ ಇಟ್ಕೋರಿ, ಪಾರ್ಲರಿನವರಿಗೆ ಬ್ಯಾಡ ಅಂತೇನಿ. ಆದ್ರ ಬೆರಳು ನೋಯ್ತಾವ ಅಂತ ಇವರು ಮ್ಯಾಲ ಹತ್ತಿ ಬಂದ್ರೋ, ಅವತ್ತ ಖೋಲಿ ಖಾಲಿ ಮಾಡ್ರಿ."

ಪಾರ್ಲರಿನವರು ಟೇಪು ಸುತ್ತಿಕೊಂಡು ಹೋದರು. ನಾನು ಹತ್ತರ ಹೊಸ ತಂತಿ ಹಾಕಿದೆ. ಅದೂ ಸಾಲದು ಅಂತ ಶ್ರುತಿ ಇಳಿಸಿ ಇನ್ನಷ್ಟು ಸಡಿಲ ಮಾಡಿದೆ. ಒಂದು ತಾಸಾಯಿತು, ಎರಡು ತಾಸಾಯಿತು. ಯಜಮಾನರ ಬೆರಳ ತುದಿ ಕೆಂಪಾಗುತ್ತಾ ಬಂತು. ನನ್ನ ಖೋಲಿ, ನನ್ನ ಕ್ಲಾಸು, ಎಲ್ಲ ಆ ತುದಿಯಲ್ಲೇ ನಿಂತಿತ್ತು.

ಧೈರ್ಯ ಮಾಡಿ ಕೇಳಿದೆ: "ಭಾಳ ನೋಯಾಕತ್ತಾವೇನ್ರೀ? ಮ್ಯಾಲ ಹೋಗವ್ರೇನು?"

ಅವರು ಒಮ್ಮೆ ಮೆಟ್ಟಿಲ ಕಡೆ ನೋಡಿದರು. ಆಮೇಲೆ ಗಿಟಾರನ್ನು ಗಟ್ಟಿಯಾಗಿ ಅಪ್ಪಿಕೊಂಡರು.

"ಮಾಸ್ತರ್ರ, ಮ್ಯಾಲ ಒಂದು ಬುಟ್ಟಿ ಬಳ್ಳೊಳ್ಳಿ ಐತಿ. ನೀವು ಬೇಕಾದ್ರ ಹದಿಮೂರ ಹಾಕ್ರಿ, ನಾ ಏಳಾಂವಲ್ಲ!"